ಹುಸೇನ್ ಸಾಬರ ಇಪ್ಪತ್ತೈದು ಮೀಟರು

ಅಜ್ಜಂಪುರದ ಬಳಿಯ ರೈಲ್ವೆ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಹಸಿರು ಬಾವುಟ ಹಿಡಿದು ನಿಂತ ಹುಸೇನ್ ಸಾಬರಿಗೆ ದಾರಿ ಬಿಡುವುದು ಮೈಗೂಡಿಹೋಗಿದೆ. ಬಸ್ಸಿಗೆ ಕೊನೆಯವರಾಗಿ ಹತ್ತುತ್ತಾರೆ. ಮದುವೆಮನೆಯಲ್ಲಿ ಕೊನೆಗೆ ಉಣ್ಣುತ್ತಾರೆ. ಸೀನು ಬಂದರೂ ಎದುರಿನವರು ಮಾತು ಮುಗಿಸುವವರೆಗೆ ತಡೆದುಕೊಳ್ಳುತ್ತಾರೆ. ಐವತ್ತಮೂರನೆಯ ವಯಸ್ಸಿನಲ್ಲಿ ಅವರು ತರೀಕೆರೆಯ ಇಪ್ಪತ್ತೈದು ಮೀಟರು ಉದ್ದದ ಈಜುಕೊಳವೊಂದರಲ್ಲಿ ಈಜು ಕಲಿಯತೊಡಗಿದರು. ಅವರ ಒಂದು ಕೈ ಮುಂದೆ ಚಾಚಿ ಇನ್ನೊಂದು ಏಳುವಷ್ಟರಲ್ಲಿ ನೀರಿನಲ್ಲಿ ಬಿಂಬಿಸಿದ ಮೋಡವೊಂದು ಕೊಳವನ್ನೇ ದಾಟಿರುತ್ತದೆ. "ಸಾಬ್ರೇ, ಈಜ್ತಿದ್ದೀರೋ, ನಿದ್ದೆ ಮಾಡ್ತಿದ್ದೀರೋ?" ಎಂದು ಗೆಳೆಯ ಕರಿಯಣ್ಣ ದಡದಿಂದ ಕೂಗಿದರೆ, "ಗೂಡ್ಸ್ ಗಾಡಿ ಕಣಣ್ಣ, ತಡ ಆದ್ರೂ ಬತ್ತೀನಿ" ಎನ್ನುತ್ತಾರೆ. ಆದರೆ ಪಕ್ಕದ ಹಗ್ಗ ಹಿಡಿಯದೆ ಆ ಇಪ್ಪತ್ತೈದು ಮೀಟರನ್ನು ಅವರು ಒಮ್ಮೆಯೂ ದಾಟಿರಲಿಲ್ಲ. ಒಮ್ಮೆಯಾದರೂ ಹಾಗೆ ದಾಟಬೇಕೆಂಬ ಆಸೆಗಾಗಿಯೇ ಹಿರಿಯರ ಸ್ಪರ್ಧೆಗೆ ಹೆಸರು ಕೊಟ್ಟರು. ಸ್ಪರ್ಧೆಯ ದಿನ ಸೀಟಿ ಕೇಳಿದೊಡನೆ ಅಭ್ಯಾಸಬಲದಿಂದ ನೆಟ್ಟಗೆ ನಿಂತು, ಬಾವುಟವಿಲ್ಲದ ಕೈಯನ್ನು ಚಾಚಿ, ಉಳಿದ ಐವರೂ ಸಾಗಿದ ಮೇಲೆಯೇ ನೀರಿಗಿಳಿದರು. ಆ ಐವರು ಮೈ ಒರೆಸಿಕೊಂಡು ಚಹಾ ಕುಡಿಯುವಾಗಲೂ ಸಾಬರು ನಡುನೀರಿನಲ್ಲಿ, ದೂರದ ಹಳಿಯ ಮೊರೆತಕ್ಕೆ ಕಿವಿಗೊಟ್ಟವರಂತೆ, ಮೆಲ್ಲನೆ ಬರುತ್ತಿದ್ದರು. ಹಗ್ಗದತ್ತ ಎರಡು ಸಲ ಹೋದ ಕೈ ಎರಡು ಸಲವೂ ಹಿಂದಿರುಗಿತು. ಇನ್ನು ನಾಲ್ಕು ಮಾರು ಇರುವಾಗ, ತಡವಾಯಿತೆಂಬ ಸಂಕೋಚದಿಂದ ತಲೆಯೆತ್ತಿದರು. ಮುಂದಿನ ಸರದಿಯವರು ನೀರಿಗೆ ಇಳಿಯದಂತೆ ಕರಿಯಣ್ಣ ತನ್ನ ಉದ್ದನೆಯ ತೋಳನ್ನು ಅಡ್ಡ ಹಿಡಿದು ನಿಂತಿದ್ದ. "ಗೇಟ್ ಹಾಕೀನಿ ಸಾಬ್ರೇ, ನಿಧಾನಕ್ಕೆ ಬನ್ನಿ." ಸಾಬರು ನಿಧಾನವಾಗಿಯೇ ಬಂದು ಗೋಡೆ ಮುಟ್ಟಿದರು.