ಕಾಜಕ್ಕ ಕೊಡದ ಬಾಬಿನ್ ಕೇಸು

ಕೆಲಸದ ಕಡೆ ಎಲ್ಲರೂ ಅವಳನ್ನು ಕಾಜಕ್ಕ ಎನ್ನುತ್ತಿದ್ದರು. ಸಮವಸ್ತ್ರ ಹೊಲಿಯುವ ಆ ಶೆಡ್ಡಿನಲ್ಲಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುವುದು ಅವಳ ಕೆಲಸ. ಕಿಟಕಿ ಪಕ್ಕದ ಮಷಿನ್ ಅವಳದು. ಕೆಲಸ ಮುಗಿದ ಮೇಲೆ ಇಸ್ತ್ರಿ ಅಂಗಡಿಯ ಮಹಡಿಯಲ್ಲಿ ನಡೆಯುವ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಯಾಕೆ ಎಂದರೆ, ಆಸೆಯಾಗಿತ್ತು, ಅಷ್ಟೆ. ಗಂಡಸು ಆಸೆಪಟ್ಟರೆ ಯಾರಾದರೂ ಕಾರಣ ಕೇಳುತ್ತಾರೆಯೇ?

"ಈ ವಯಸ್ಸಲ್ಲಿ ಇಂಗ್ಲಿಷ್ ಕಲ್ತು ಯಾವ ದೊರೆಗೆ ಉತ್ತರ ಕೊಡಬೇಕಕ್ಕ? ಬಿಟ್ಟುಬಿಡು," ಎಂದು ತಮ್ಮ ಹಂಗಿಸಿದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಳು.

ಆ ಸಂಜೆ ಪಾಠ ಹೇಳುವ ಮಿಸ್ಸು ಬೋರ್ಡಿನ ಮೇಲೆ 'ಗಿವ್ ಅಪ್' ಎಂದು ಬರೆದರು. ಸಿಗರೇಟು ಬಿಟ್ಟವನದೂ ಗಿವ್ ಅಪ್ಪೇ, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಟ್ಟವನದೂ ಗಿವ್ ಅಪ್ಪೇ. ಒಗಟು ಬಿಡಿಸಲಾಗದೆ ಕೈಚೆಲ್ಲಿದವನು, ಪೊಲೀಸರಿಗೆ ಶರಣಾದ ಕಳ್ಳ, ಎಲ್ಲರಿಗೂ ಅದೇ ಮಾತು. "ನಿಮ್ಮ ಜೀವನದಿಂದ ಒಂದೊಂದು ವಾಕ್ಯ ಹೇಳಿ," ಎಂದರು. ಒಬ್ಬ ಕಾಫಿ ಬಿಟ್ಟಿದ್ದ, ಇನ್ನೊಬ್ಬ ಮೊಬೈಲ್ ಆಟ ಬಿಟ್ಟಿದ್ದ.

ಕಾಜಕ್ಕ ಎದ್ದು ನಿಂತಳು. "ಒಂದೇ ಸಾಕಾ ಮಿಸ್? ನನ್ನತ್ರ ಮೂಟೆಗಟ್ಟಲೆ ಇದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಗದೆ ಒಂದೊಂದಾಗಿ ಹೇಳುತ್ತಾ ಹೋದಳು. ಅಮ್ಮ ಹಾಸಿಗೆ ಹಿಡಿದಾಗ ಸ್ಕೂಲು ಗಿವ್ ಅಪ್. ಅತ್ತೆಗೆ ಸದ್ದು ಆಗುವುದಿಲ್ಲವೆಂದು ಹಾಡು ಗಿವ್ ಅಪ್. ತಮ್ಮನ ಮದುವೆಯಾದ ಮೇಲೆ ತವರಿನ ತನ್ನ ಕೋಣೆ ಗಿವ್ ಅಪ್. ತೀರಿಹೋದ ಗಂಡ ಒಳ್ಳೆಯವನೇ, ಆದರೆ ಅವನ ಜೊತೆ ಮಾತಿಗೆ ಮಾತು ಬೆಳೆಸುವುದನ್ನು ಮದುವೆಯಾದ ವರ್ಷವೇ ಗಿವ್ ಅಪ್. ನಗು ತಾನಾಗಿಯೇ ನಿಂತಿತು.

ಮಿಸ್ಸು ಹೇಳಿದರು: "ನಾಳೆ ನೀವು ಬಿಟ್ಟುಕೊಡದೇ ಇದ್ದದ್ದರ ಬಗ್ಗೆ ಒಂದು ವಾಕ್ಯ ತನ್ನಿ ಅಕ್ಕ."

ಅಡುಗೆ ಮಾಡುತ್ತಾ, ಪಾತ್ರೆ ತಿಕ್ಕುತ್ತಾ ಕಾಜಕ್ಕ ಇಡೀ ಬದುಕನ್ನು ಜಾಲಾಡಿದಳು. ಬಿಡದೆ ಹಿಡಿದುಕೊಂಡದ್ದು ಒಂದೂ ಸಿಗಲಿಲ್ಲ. ಅವಳಿಗೆ ದುಃಖವಾಗಲಿಲ್ಲ, ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಅವಳ ಮಷಿನ್ ಬಳಿ ಬಂದ. ಹಿಂದೆ ಅವನ ನಾದಿನಿ ನಿಂತಿದ್ದಳು, ಇಸ್ತ್ರಿ ಮೇಜಿನಲ್ಲಿ ಕೆಲಸ ಮಾಡುವ ಹುಡುಗಿ.

"ಕಾಜಕ್ಕ, ಇವತ್ತಿಂದ ನೀನು ದಾರ ಕತ್ತರಿಸೋ ಕಡೆ ಕೂತ್ಕೋ. ವಯಸ್ಸಾಯ್ತು, ಕಣ್ಣಿಗೆ ಆಯಾಸ. ಮಷಿನ್ ಇವಳಿಗೆ ಬಿಟ್ಟುಕೊಡು."

ಕಣ್ಣಿಗೆ ಆಯಾಸವಂತೆ! ಅವಳು ಹಾಕಿದ ಒಂದೇ ಒಂದು ಕಾಜಾ ಕೂಡ ಕೆಟ್ಟಿದೆಯೆಂದು ವಾಪಸ್ ಬಂದದ್ದನ್ನು ಆ ಶೆಡ್ಡಿನಲ್ಲಿ ಯಾರೂ ಕಂಡಿರಲಿಲ್ಲ. ದಾರ ಕತ್ತರಿಸುವ ಮೂಲೆಗೆ ಒಮ್ಮೆ ಹೋದವರು ಮತ್ತೆ ಮಷಿನ್ ಮುಟ್ಟಿದ್ದನ್ನೂ ಯಾರೂ ಕಂಡಿರಲಿಲ್ಲ.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಮಷಿನ್ ಕಂಪನಿಯದಾದರೂ ದಾರದ ಉರುಳೆಯನ್ನು ಹಿಡಿದು ಸೂಜಿಯ ಕೆಳಗೆ ಕೂರುವ ಬಾಬಿನ್ ಕೇಸು ಮಾತ್ರ ಹೊಲಿಯುವವಳ ಸ್ವಂತದ್ದು. ಪ್ರತಿಯೊಬ್ಬಳೂ ಅದರ ತಿರುಪನ್ನು ತನ್ನ ಕೈಗೆ ಹೊಂದಿಸಿಕೊಂಡು, ಸಂಜೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ಮನೆಗೆ ಒಯ್ಯುತ್ತಿದ್ದಳು. ಮಷಿನ್ ಕೈ ಬದಲಾದರೆ ಹಳಬಳು ತನ್ನ ಕೇಸನ್ನು ಹೊಸಬಳ ಅಂಗೈಗೆ ತಾನೇ ಇಡಬೇಕು. ಇಡದ ಹೊರತು ಇನ್ನೊಬ್ಬಳು ಆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ.

ಕಾಜಕ್ಕ ಕೆಳಗೆ ಕೈ ಹಾಕಿ ಕೇಸನ್ನು ಬಿಚ್ಚಿಕೊಂಡಳು. ಸೂಪರ್‌ವೈಸರ್ ಮುಖ ಅರಳಿತು. ಅವಳು ಅದನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದು ಕೂತೇಬಿಟ್ಟಳು.

"ಕೊಡಮ್ಮ."

"ಕೊಡಲ್ಲ."

ಅಕ್ಕಪಕ್ಕದ ಮಷಿನ್‌ಗಳು ಒಂದೊಂದಾಗಿ ನಿಂತವು. ಕೆಲಸ ಹೋದರೆ ಏನು ಗತಿ ಎಂಬ ಭಯ ಕಾಜಕ್ಕನಿಗಿತ್ತು. ಆದರೂ ಮುಷ್ಟಿ ಸಡಿಲಲಿಲ್ಲ.

"ಹಠ ಬಿಡು, ಹೇಳ್ತಾ ಇದೀನಿ!"

"ಎಲ್ಲಾ ಬಿಟ್ಟಾಯ್ತು ಸಾರ್. ಹಠ ಒಂದೇ, ಅದೂ ಇವತ್ತು ಹುಟ್ಟಿರೋದು. ಹುಟ್ಟಿದ ದಿನವೇ ಬಿಡು ಅಂದ್ರೆ ಹೇಗೆ?"

ಯಾರೋ ಕಿಸಕ್ಕೆಂದರು. ಸೂಪರ್‌ವೈಸರ್ ಕಿವಿ ಕೆಂಪಾಯಿತು. ಅವನು ಜೇಬಿನಿಂದ ಹೊಸ ಬಾಬಿನ್ ಕೇಸು ತೆಗೆದು ನಾದಿನಿಗೆ ಚಾಚಿದ. "ಇದನ್ನ ಹಾಕ್ಕೊಂಡು ಕೂತ್ಕೋ."

ಹುಡುಗಿ ಕಾಜಕ್ಕನ ಮುಷ್ಟಿ ನೋಡಿದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಅಕ್ಕ ಕೈಯಾರೆ ಕೊಡದೆ ನಾನು ಕೂರಲ್ಲ ಭಾವ. ನಾಳೆ ನನಗೂ ವಯಸ್ಸಾಗುತ್ತೆ."

ಅವಳು ಇಸ್ತ್ರಿ ಮೇಜಿಗೆ ಮರಳಿದಳು. ಬಾಸ್‌ಗೆ ಹೇಳುತ್ತೇನೆ, ನಾಳೆ ನೋಡಿಕೊಳ್ಳುತ್ತೇನೆ ಎಂದು ಗದರುತ್ತಾ ಸೂಪರ್‌ವೈಸರ್ ಅಲ್ಲಿಂದ ಕಾಲ್ಕಿತ್ತ. ಕಾಜಕ್ಕ ಕೇಸನ್ನು ಮತ್ತೆ ಸಿಕ್ಕಿಸಿ ಅಂಗಿ ಎಳೆದುಕೊಂಡಳು.

ಸಂಜೆ ಕ್ಲಾಸಿನಲ್ಲಿ ಮಿಸ್ಸು ಕೇಳುವ ಮೊದಲೇ ಅವಳು ಎದ್ದು ನಿಂತಿದ್ದಳು. "ಐ ನಾಟ್ ಗಿವ್ ಅಪ್ ಮೈ ಮಷಿನ್!"

"ತುಂಬಾ ಚೆನ್ನಾಗಿದೆ. 'ಐ ಡಿಡ್ ನಾಟ್' ಅನ್ನಿ ಅಕ್ಕ."

"ಅದು ಆಗಿಹೋದದ್ದಕ್ಕಾ?"

"ಹೂಂ, ಆಗಿಹೋದದ್ದಕ್ಕೆ."

"ಅವನು ನಾಳೆ ಮತ್ತೆ ಬರ್ತಾನೆ ಮಿಸ್. ನಾಳೇದಕ್ಕೆ ಏನನ್ನಬೇಕು, ಅದನ್ನ ಹೇಳಿಕೊಡಿ."