ಬೋರಲು ಹಾಸಿದ ಚೀಲ

ಮುರ್ಗಾಬ್ ನದಿ ದಂಡೆಯ ನಮ್ಮ ಹಳ್ಳಿಯಲ್ಲಿ ತೋಳಕ್ಕೂ ಹೆದರದ ವೀರಾಗ್ರಣಿ ಓಗುಲ್‌ಸೋನಾ ಹೊಗಳಿಕೆಗೆ ಮಾತ್ರ ಗಡಗಡ ನಡುಗುತ್ತಿದ್ದಳು. ಅವಳ ಮುತ್ತಜ್ಜಿ ನೇಯ್ದ ಕೆಂಪು ಉಣ್ಣೆಚೀಲಗಳು ಎರಡಿದ್ದವು. ಯಾರೋ ಹೊಗಳಿದ ವಾರವೇ ಒಂದಕ್ಕೆ ದೃಷ್ಟಿ ತಾಗಿ ಹುಳು ಹತ್ತಿತ್ತು.

ಉಳಿದದ್ದನ್ನು ನೋಡಲು ರಾಜಧಾನಿ ಅಶ್ಗಾಬಾತಿನಿಂದ ಹಳೆಯ ನೇಯ್ಗೆಯ ಪರಿಣತ ಚಾರಿಯಾರ್ ಬಂದ. ಅತಿಥಿಗೆ ಇಲ್ಲವೆನ್ನಲಾಗದೆ ಅವಳು ಚೀಲವನ್ನು ಅದರ ಅಂದದ ಮುಖ ಕಾಣದಂತೆ ಬೋರಲು ಹಾಸಿ ಕೂತಳು.

ಅವನು ಆ ಹಿಂಬದಿಗೇ ಕಣ್ಣು ನೆಟ್ಟ. “ಏನು ಗಂಟು ಅಕ್ಕ, ಸಾಸಿವೆಕಾಳಿನ ಹಾಗಿದೆ. ನೇಯ್ಗೆಯ ಕುಲ ಗೊತ್ತಾಗೋದೇ ಬೆನ್ನಲ್ಲಿ. ಅದನ್ನೇ ಮೊದಲು ತೋರಿಸಿದ್ರಲ್ಲ, ನೀವು ಬಲ್ಲೋರು.”

“ಬಾಯಿ ಮುಚ್ಕೋ ತಮ್ಮಾ,” ಎಂದವಳೇ ಒಲೆಗೆ ಓಡಿ, ದೃಷ್ಟಿ ತೆಗೆಯುವ ಸೊಪ್ಪಿನ ಹೊಗೆ ತಂದು ಅವನ ಮುಖಕ್ಕೇ ಹಿಡಿದಳು.

ಅವನಿಗೆ ಕಣ್ಣು ತೆರೆಯಲಾಗದಷ್ಟು ನೀರು ಸುರಿಯಿತು. ಆಗ ಅವಳು ಧೈರ್ಯವಾಗಿ ಚೀಲವನ್ನು ಮಗುಚಿದಳು.

“ಈಗ ನೋಡ್ಕೋ.”