ದಂಡೆ ಹೂವು ಕುಡಿದ ಮೊದಲ ಮಳೆ

ದೇವಕಿ ಹೂ ಮುಡಿಯಲು ಒಪ್ಪಿದಳು ಎಂದು ಹೆಂಡತಿ ಗಂಗೆ ಬಂದು ಹೇಳಿದಾಗ ಬೀರ ನಂಬಲಿಲ್ಲ. ಅಕ್ಕನಿಗೆ ಅರವತ್ತಮೂರು ವರ್ಷ. ಇಪ್ಪತ್ತೆರಡಕ್ಕೆ ಗಂಡ ಹೊಳೆಯ ಪಾಲಾದ ಮೇಲೆ ಹೇರೂರಿನ ಈ ಕೇರಿಗೆ, ತವರಿಗೆ ಬಂದವಳು ನಲವತ್ತೊಂದು ವರ್ಷ ಒಂದು ಎಸಳೂ ಮುಡಿದಿರಲಿಲ್ಲ. ಕಾಲ ಬದಲಾಗಿ, ಅವಳಂಥ ಬೇರೆ ಹೆಂಗಸರು ಮುಡಿಯತೊಡಗಿದಾಗಲೂ ಇವಳು ನಕ್ಕು ಸುಮ್ಮನಾಗುತ್ತಿದ್ದಳು. ಈಗ ಬೀರನ ಮಗಳು ಪ್ರತಿಭಾ ಹಟ ಹಿಡಿದಿದ್ದಳು. ಜೂನ್ ಎರಡನೇ ವಾರ ತನ್ನ ಮದುವೆ. ಅತ್ತೆ ಹೂ ಮುಡಿದು ಪಕ್ಕದಲ್ಲಿ ನಿಲ್ಲದಿದ್ದರೆ ಧಾರೆಗೆ ಕೂರುವುದಿಲ್ಲ ಎಂದಿದ್ದಳು.

ದೇವಕಿ ಇಡೀ ಸಂಜೆ ಅಕ್ಕಿ ಆರಿಸುತ್ತ ಕೂತಿದ್ದಳಂತೆ. ಕೊನೆಗೆ ಮೊರ ಕೆಳಗಿಟ್ಟು, ಅಂಗಳದಂಚಿನ ಮಾವಿನ ಮರದ ಕಡೆ ನೋಡಿದಳಂತೆ.

"ಪ್ಯಾಟೆ ಹೂ ನಂಗೆ ಬ್ಯಾಡ. ಅದು ಹೂ ಬಿಟ್ರೆ ಮುಡಿತೆ."

ಅದು ಎಂದರೆ ಸೀತೆದಂಡೆ. ಮರದ ತೊಗಟೆ ಹಿಡಿದು ಬದುಕುವ ಗಿಡ. ಮಳೆಗಾಲ ಹತ್ತಿರವಾದಾಗ ಎಲೆಗಳ ನಡುವಿನಿಂದ ಮೊಳದುದ್ದದ ತಿಳಿ ಗುಲಾಬಿ ಗೊಂಚಲನ್ನು ಇಳಿಬಿಡುತ್ತದೆ. ಅದನ್ನು ಕಟ್ಟಬೇಕಾಗಿಲ್ಲ, ಕೊಯ್ದು ಹಾಗೇ ತುರುಬಿಗೆ ಸುತ್ತಬಹುದು. ಮದುವೆಯಾದ ವರ್ಷ ದೇವಕಿಯ ಗಂಡ ಹೇರೂರಿಗೆ ಬಂದಿದ್ದಾಗ ಇಲ್ಲಿನ ರಸ್ತೆ ಬದಿಯ ಮತ್ತಿ ಮರ ಹತ್ತಿ ಅಂಥದೊಂದು ದಂಡೆ ತಂದುಕೊಟ್ಟಿದ್ದ. ಮರುವರ್ಷ ಅದೇ ಗಿಡ ಹೂ ಬಿಡುವ ಹೊತ್ತಿಗೆ ಅವನಿರಲಿಲ್ಲ. ಆಮೇಲಿನ ಪ್ರತಿ ಜೂನ್‌ನಲ್ಲೂ ಅವಳು ಸೊಪ್ಪಿನ ಹೊರೆ ಹೊತ್ತು ಬರುವಾಗ ಆ ಮರದ ಕೆಳಗೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಹೊರೆ ಇಳಿಸದೆ ಕತ್ತೆತ್ತಲು ಬರುವುದಿಲ್ಲವಾದ್ದರಿಂದ ಇಳಿಸಿ ನೋಡಿ, ಮತ್ತೆ ಎತ್ತಿಕೊಳ್ಳುತ್ತಿದ್ದಳು. ಅಕ್ಕ ಬಂದಾಗ ಬೀರನಿಗೆ ಹನ್ನೊಂದು ವರ್ಷ. ಅವನನ್ನು ಉಣಿಸಿ ಬೆಳೆಸಿದವಳು ಅವಳೇ. ಅಕ್ಕ ಆ ಮರದಡಿ ಯಾಕೆ ನಿಲ್ಲುತ್ತಾಳೆಂದು ಅವನಿಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಬೀರ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಕಾಯಿಗೊಂಚಲು, ಇಳಿಸುವುದು, ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಮದ್ದು ಹೊಡೆಯುವುದು ಅವನ ಕೆಲಸ. ಹದಿನಾಲ್ಕನೇ ವಯಸ್ಸಿಗೆ ಮರ ಹತ್ತಿದವನು, ಒಂದರ ತಲೆಯಿಂದ ಇನ್ನೊಂದಕ್ಕೆ ತೂಗಿ ದಾಟುತ್ತ ಮೂವತ್ತೈದು ವರ್ಷವನ್ನು ಹೆಚ್ಚಾಗಿ ಮೇಲೆಯೇ ಕಳೆದ. ಮೈಲುತುತ್ತ ಮತ್ತು ಸುಣ್ಣ ಕಲಸಿದ ಆ ನೀಲಿ ಮದ್ದನ್ನು ಅಡಿಕೆ ಕೊನೆಗಲ್ಲದೆ ಬೇರೆಡೆ ಒಂದು ಹನಿಯೂ ಬೀಳದಂತೆ ಹೊಡೆಯುತ್ತಾನೆಂದು ಅವನಿಗೆ ಹೆಸರಿತ್ತು. ದಂಡೆ ಗಿಡವನ್ನು ಹತ್ತಿರದಿಂದ ಬಲ್ಲವನೂ ಅವನೇ. ಬಂದಳಿಕೆಯೆಂದು ತಿಳಿದು ಯಾರಾದರೂ ಕತ್ತಿಯಲ್ಲಿ ಹೆರೆಯಹೋದರೆ ಜಗಳಕ್ಕೇ ನಿಲ್ಲುತ್ತಿದ್ದ. ಅದು ಮರದ ಒಂದು ತೊಟ್ಟು ರಸವನ್ನೂ ಮುಟ್ಟುವುದಿಲ್ಲ, ಬೆರಳುಗಾತ್ರದ ಬಿಳಿ ಬೇರನ್ನು ಗಾಳಿಗೆ ಚಾಚಿಕೊಂಡು ಮಂಜು, ಮಳೆ ಏನು ಸಿಗುತ್ತದೋ ಅದನ್ನೇ ಕುಡಿದಿರುತ್ತದೆ ಎಂದು ವಿವರಿಸುತ್ತಿದ್ದ.

ಮೂರು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟ ಮುರಿಯಿತು. ಎದ್ದು ಓಡಾಡುವಂತಾದ, ಮರ ಹತ್ತುವಂತಾಗಲಿಲ್ಲ. ಅದರ ಮರುವರ್ಷ ರಸ್ತೆ ಅಗಲಿಸುವವರು ಬಂದು ಮತ್ತಿ ಮರ ಉರುಳಿಸಿದರು. ಬೀರ ಕುಂಟುತ್ತ ಹೋಗಿ, ಬಿದ್ದ ಕೊಂಬೆಯಿಂದ ದಂಡೆ ಗಿಡವನ್ನು ತೊಗಟೆ ಸಮೇತ ಬಿಡಿಸಿದ. ಪಾಚಿ ಯಾವ ಮಗ್ಗುಲಿಗಿದೆ ನೋಡಿ, ಗಿಡ ಮೊದಲು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದೇ ದಿಕ್ಕಿಗೆ ಮನೆಯ ಮಾವಿನ ಕಾಂಡಕ್ಕೆ, ದೇವಕಿಯ ಎದೆಯೆತ್ತರದಲ್ಲಿ, ತೆಂಗಿನ ನಾರಿನ ಹುರಿಯಿಂದ ಕಟ್ಟಿದ. ಇನ್ನು ಅಕ್ಕ ಕತ್ತೆತ್ತಬೇಕಾಗಿರಲಿಲ್ಲ.

ಮೊದಲ ಜೂನ್‌ನಲ್ಲಿ ಹೂ ಬರಲಿಲ್ಲ, ಬೇರಿನ ತುದಿ ಮಾತ್ರ ಹಸಿರಾಯಿತು. ಈ ವರ್ಷ ಮೇ ತಿಂಗಳಲ್ಲಿ ಹೂವಿನ ಎರಡು ಕುಡಿ ಮೂಡಿದವು. ದೇವಕಿ ದಿನಾ ಬೆಳಿಗ್ಗೆ ಅವುಗಳ ಪಕ್ಕ ತೋರುಬೆರಳು ಹಿಡಿಯುತ್ತಿದ್ದಳು. ಮೊದಲು ಒಂದು ಗೆಣ್ಣು, ವಾರಕ್ಕೆ ಎರಡು ಗೆಣ್ಣು. ಯಾರಾದರೂ ಕಂಡರೆ ಮಾವಿನಕಾಯಿ ಹೆಕ್ಕುವವಳಂತೆ ಬಗ್ಗುತ್ತಿದ್ದಳು.

ಮಾವಿನ ಮರದ ಆಚೆಗೇ ಬೀರನ ಹದಿನೈದು ಗುಂಟೆ ತೋಟ. ಮದುವೆ ಗಲಾಟೆಯಲ್ಲಿ ಮದ್ದು ತಡವಾದರೆ ಕೊಳೆ ಹಿಡಿಯುತ್ತದೆಂದು ಮೇ ಕೊನೆಗೇ ಹೊಡೆದು ಮುಗಿಸಲು ಹೊರಟ. ಹತ್ತುವಂತಿಲ್ಲವಾದ್ದರಿಂದ ನೆಲದಲ್ಲೇ ನಿಂತು ಹೊಡೆಯುವ ಉದ್ದನೆಯ ಫೈಬರ್ ದೋಟಿಯನ್ನು ಬಾಡಿಗೆಗೆ ತಂದ. ಪಂಪು ನೋಡಿಕೊಳ್ಳಲು ಪಕ್ಕದ ಮನೆಯ ನವೀನ ಬಂದ.

"ಬೀರಣ್ಣಂಗೆ ಈಗ ಅರವತ್ತಡಿ ಕೈ," ಎಂದು ನವೀನ ನಗಾಡಿದ. "ಮದಿ ಮನೇಲಿ ಕಡೇ ಪಂಕ್ತೀಲಿ ಕೂಂತ್ರೂ ಹೋಳಿಗೆ ಸಿಗ್ತದೆ ಮಾರಾಯ."

ಬೀರನೂ ನಕ್ಕ. ಮದ್ದು ತಾಕಿದರೆ ಬೇರು ಸುಡುತ್ತದೆಂದು, ಹೊಡೆಯುವ ಮೊದಲು ಅಡಿಕೆ ಹಾಳೆಯ ಗೂಡು ಮಾಡಿ ದಂಡೆ ಗಿಡಕ್ಕೆ ಹೊದಿಸಿ, ಸುತ್ತ ಪ್ಲಾಸ್ಟಿಕ್ ಕಟ್ಟಿದ. ಎರಡು ಸಲ ಹೋಗಿ ಗಂಟು ಮುಟ್ಟಿ ನೋಡಿದ. ಆಮೇಲೆ ಕತ್ತು ಹಿಂದಕ್ಕೆ ಚಾಚಿ, ಬಿಸಿಲು ಕಣ್ಣಿಗೆ ಹೊಡೆಯುತ್ತಿರಲು, ದೋಟಿಯ ತುದಿ ಎಲ್ಲಿದೆಯೆಂದು ಅಂದಾಜಿನಲ್ಲೇ ಸಂಜೆವರೆಗೆ ಮದ್ದು ಹೊಡೆದ. ಮರದ ಮೇಲಿದ್ದಾಗ ಗಾಳಿ ತಿರುಗಿದ್ದು ಅವನ ಕೆನ್ನೆಗೆ ತಿಳಿಯುತ್ತಿತ್ತು. ಕೆಳಗೆ ಎಲೆಯೂ ಅಲುಗುತ್ತಿರಲಿಲ್ಲ.

ಸಂಜೆ ಮೋಡ ಕಟ್ಟಿತು. ಆರು ತಿಂಗಳಿಂದ ಬಾಯಾರಿದ ಬೇರು, ಮೊದಲ ಮಳೆ ಕುಡಿಯಲಿ ಎಂದು ಬೀರ ತಾನೇ ಹೋಗಿ ಪ್ಲಾಸ್ಟಿಕ್ ಬಿಚ್ಚಿ ಹಾಳೆ ತೆಗೆದ. ಮದ್ದು ಹೊಡೆಯುವುದು ಮುಗಿದಿತ್ತು, ಇನ್ನೇನು ಭಯ ಎಂದುಕೊಂಡ. ಮಳೆ ಜೋರಾಗಿ ಬರಲಿಲ್ಲ. ಮೂರು ದಿನ ಜಿನುಗಿತು, ಮಾವಿನ ಎಲೆಗಳಿಂದ ತೊಟ್ಟು ತೊಟ್ಟಾಗಿ ಕಾಂಡದ ಮೇಲೆ ಇಳಿಯಿತು.

ನಾಲ್ಕನೇ ದಿನ ಬೆಳಿಗ್ಗೆ ದೇವಕಿ ಬೆರಳು ಹಿಡಿಯಹೋದಾಗ ಕುಡಿಗಳ ತುದಿ ಕಪ್ಪಾಗಿತ್ತು. ಒಂದು ಮುಟ್ಟಿದ್ದಕ್ಕೇ ಕಳಚಿ ಬಿತ್ತು. ಬೇರಿನ ಹಸಿರು ತುದಿಗಳು ಸುಟ್ಟ ಬತ್ತಿಯಂತಿದ್ದವು. ಬೀರ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಿರಬೇಕು, ತಿರುಗಲಿಲ್ಲ. ಬೇರನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿದಳು.

"ಮುಚ್ಚಿದ್ದೆ ಅಕ್ಕ," ಎಂದ ಬೀರ. "ಮಳೆ ಕುಡೀಲಿ ಅಂತ ನಾನೇ ತೆಗ್ದೆ."

ದೇವಕಿ ತಲೆಯೆತ್ತಿ ಮೇಲೆ ನೋಡಿದಳು. ಅವನೂ ನೋಡಿದ. ಮಳೆಗೆ ಒಡ್ಡದ ಒಳಮಗ್ಗುಲಿನ ಮಾವಿನ ಎಲೆಗಳ ಮೇಲೆಲ್ಲ ಒಣಗಿದ ನೀಲಿ ಕಲೆಗಳಿದ್ದವು. ಹೊರಗಿನ ಎಲೆಗಳು ಮಾತ್ರ ತೊಳೆದಿಟ್ಟಂತೆ ಹಸಿರಾಗಿದ್ದವು. ಗಿಡವೊಂದನ್ನೇ ಮುಚ್ಚಿದ್ದ, ಗಿಡದ ಮೇಲಿನ ಮರವನ್ನು ನೋಡಿರಲಿಲ್ಲ.

"ನೀ ಮ್ಯಾಲಿದ್ರೆ ನಿಂಗೆ ಕಾಣ್ತಿತ್ತು ತಮಾ," ಎಂದಳು ದೇವಕಿ.

ಅದು ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ದಂಡೆ ಇನ್ನೂ ಬೇಕಾದಷ್ಟು ಮರಗಳಲ್ಲಿದೆ, ಯಲ್ಲಾಪುರದ ಕಡೆಯ ಕಾಡಿನಿಂದ ತರಿಸುತ್ತೇನೆ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವಳು ಬಿದ್ದ ಕುಡಿಯನ್ನು ಹೆಕ್ಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಕೈ ತೊಳ್ಕಂಡ್ ಬಾ. ತಿಂಡಿ ಹಾಕ್ತೆ."

ಬೀರ ಬಚ್ಚಲಿಗೆ ಹೋಗಿ ಬೂದಿ ಹಾಕಿ ಉಜ್ಜಿದ. ಮೂವತ್ತೈದು ವರ್ಷದ ಕೆಲಸದಲ್ಲಿ ಉಗುರಿನ ಸಂದಿಯಲ್ಲಿ ಕೂತ ನೀಲಿ ಅದು, ಯಾವತ್ತೂ ಹೋಗಿರಲಿಲ್ಲ. ಆ ದಿನ ಅವನು ಗಂಗೆ ಬಂದು ಕರೆಯುವವರೆಗೂ ಉಜ್ಜುತ್ತಲೇ ಇದ್ದ.

ಮದುವೆಯ ದಿನ ಸಿದ್ದಾಪುರದಿಂದ ಬುಟ್ಟಿ ತುಂಬ ಮಲ್ಲಿಗೆ ಬಂತು. ಪ್ರತಿಭಾ ಒಂದು ಮಾಲೆ ಎತ್ತಿ ಅತ್ತೆಯ ಮುಖ ನೋಡಿ, ಮತ್ತೆ ಬುಟ್ಟಿಯಲ್ಲೇ ಇಟ್ಟಳು. ಹಟ ಮಾಡಲಿಲ್ಲ. ಧಾರೆಗೆ ಕೂತಳು. ದೇವಕಿ ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ ಬರಿ ತುರುಬಿನಲ್ಲಿ ಅವಳ ಪಕ್ಕದಲ್ಲೇ ನಿಂತಳು. ಮದುವೆ ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಾರಿನ ಹುರಿ ಇನ್ನೂ ಮಾವಿನ ಮರಕ್ಕಿದೆ, ಒಣಗಿದ ಎರಡು ಬೇರುಗಳೂ ಇವೆ. ಬಿಚ್ಚಲು ದೇವಕಿ ಬಿಡಲಿಲ್ಲ. ಆಷಾಢದಲ್ಲಿ ಎರಡನೇ ಸಲ ಮದ್ದು ಹೊಡೆಯುವ ದಿನ ಬೀರ ಹಾಳೆ, ಪ್ಲಾಸ್ಟಿಕ್ ಹಿಡಿದುಕೊಂಡೇ ಆ ಮರದವರೆಗೆ ಹೋದ. ಮುಚ್ಚಲು ಅಲ್ಲಿ ಏನೂ ಇರಲಿಲ್ಲ.